ಹಿಂಡಿ ಅಂಗಡಿ ಮುಂದೆ ಕಾಯುತ್ತಿದ್ದೇವೆ

ನನ್ನ ಹೆಸರು ಮರ್ಲ್ ಟುಟಲ್, ತಂದೆ ದಿವಂಗತ ಹೋಮರ್ ಟುಟಲ್, ವಯಸ್ಸು 61 ವರ್ಷ, ಕೆಲಸ ಶಾಲಾ ಬಸ್ಸಿನ ಚಾಲಕ, ವಾಸ ಪೈನ್ ಹಾಲೋ ಗ್ರಾಮ, ಆಲ್ಡರ್ ಕೌಂಟಿ, ನ್ಯೂಯಾರ್ಕ್ ರಾಜ್ಯ. ನಮ್ಮೂರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಬಹಳ ವರ್ಷಗಳಿಂದ ಸಂಬಳವಿಲ್ಲದೆ ದುಡಿಯುತ್ತಿದ್ದೇನೆ. ದಳದ ಆಂಬುಲೆನ್ಸ್ ನನ್ನ ಹೊಣೆ. ಪೊಲೀಸ್ ಸಿಬ್ಬಂದಿ ಕೈಲ್ ಪ್ರೆಂಟಿಸ್ ಅವರ ವಾಕಿಟಾಕಿ ರೇಡಿಯೋವನ್ನು ಹಳ್ಳಕ್ಕೆ ಎಸೆದ ಬಗ್ಗೆ ಪೊಲೀಸರು ವಿಚಾರಿಸಿದಾಗ ಈ ಮೂಲಕ ತಿಳಿಸುವುದೇನೆಂದರೆ, ಎಸೆದದ್ದು ನಾನೇ. ಏಕೆ ಎಸೆದೆ ಎಂಬುದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ.

ಕಳೆದ ವಸಂತದವರೆಗೆ ಪೊಲೀಸರ ರೇಡಿಯೋ ಮಾತು ನಮಗೂ ಕೇಳಿಸುತ್ತಿತ್ತು. ಬಳಿಕ ಅದನ್ನು ಹೊರಗಿನವರಿಗೆ ಕೇಳಿಸದ ಗೂಢಸಂಕೇತಕ್ಕೆ ಬದಲಿಸಿದರು. ನಮ್ಮೂರಲ್ಲಿ ಅದಕ್ಕೆ ಬೀಗ ಹಾಕಿದ್ದು ಎನ್ನುತ್ತೇವೆ. ರಾಜ್ಯ ಸರಕಾರ ನಮಗೂ ಹೊಸ ರೇಡಿಯೋಗಳನ್ನು ಕೊಟ್ಟಿತು. ಆ ಬೀಗದ ಕೀಲಿಯನ್ನು ಮಾತ್ರ ಕೌಂಟಿಯವರು ಕೊಡಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗಾಯಿತು. ಕೌಂಟಿಯ ಸಭೆಯಲ್ಲಿ ಎದ್ದು ನಿಂತು ಕೇಳಿದ್ದಕ್ಕೆ, ಸಂಬಳವಿಲ್ಲದವರು ಗುಟ್ಟು ಕಾಯುತ್ತಾರೆಂಬ ಖಾತರಿ ಏನು ಎಂದು ಉತ್ತರ ಬಂತು. ದಳದಲ್ಲಿ ನನ್ನ ಜೊತೆಗಾರನೂ ಊರಿನ ಕ್ಷೌರಿಕನೂ ಆದ ಗ್ಲೆನ್ ಬ್ಯಾಬ್‌ಕಾಕ್, "ನಿಮ್ ಕುತ್ತಿಗೆ ನನ್ ಕತ್ತಿಗೆ ಕೊಡ್ತೀರಿ, ಕೀಲಿ ಕೊಡಲ್ವಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಕೀಲಿ ಬರಲಿಲ್ಲ.

ಅಕ್ಟೋಬರ್ 9ರ ಗುರುವಾರ ಸಂಜೆ 4.10ಕ್ಕೆ, ಮಕ್ಕಳನ್ನು ಇಳಿಸಿ ಬಸ್ಸು ನಿಲ್ಲಿಸುತ್ತಿದ್ದಾಗ ಕರೆ ಬಂತು. ನೋರೀನ್ ಹ್ಯಾಸ್ಕಿನ್ಸ್ ಅವರ ಮನೆಯಲ್ಲಿ ಅಳಿಯ ಕುಡಿದು ಬಂದೂಕು ಹಾರಿಸಿದ್ದ. ಕಿಟಕಿಯ ಗಾಜು ಸಿಡಿದು ನೋರೀನ್ ಅವರ ತೋಳು ಸೀಳಿ ರಕ್ತ ಸುರಿಯುತ್ತಿತ್ತು. ಅವರು ಶಾಲೆಯಲ್ಲಿ ಅಡುಗೆಯವರಾಗಿದ್ದರು. ನಮ್ಮ ದಳದ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್ ಪೆಟ್ಟಿಗೆ ಅವರ ಅಡುಗೆಮನೆಯಲ್ಲಿ ಸದಾ ಹಾಕಿಯೇ ಇರುತ್ತದೆ. ಯಾರ ಕೊಟ್ಟಿಗೆಗೆ ಬೆಂಕಿ ಬಿದ್ದರೂ, ನಾವು ಆರಿಸಿ ವಾಪಸಾಗುವಷ್ಟರಲ್ಲಿ ಅವರ ಕೋಳಿ ಸೂಪು ದಳದ ಮೇಜಿನ ಮೇಲೆ ಬಂದಿರುತ್ತಿತ್ತು. ರೇಡಿಯೋದಲ್ಲಿ ನಾನು ಎಷ್ಟು ಒದರಿದೆ ಎಂಬ ಟೀಕೆಯೂ ಜೊತೆಗೇ ಬರುತ್ತಿತ್ತು.

ಬಂದೂಕು ಇರುವಲ್ಲಿಗೆ ಪೊಲೀಸರು ಕರೆಯುವ ತನಕ ನಾವು ಹೋಗಬಾರದೆಂಬುದು ನಿಯಮ. ಆ ನಿಯಮದ ಬಗ್ಗೆ ನನ್ನ ತಕರಾರಿಲ್ಲ. 4.19ಕ್ಕೆ ನಾನೂ ಗ್ಲೆನ್ನೂ ಆ ಮನೆಯಿಂದ ಕಾಲು ಮೈಲಿ ಈಚೆ ಇರುವ ದನಗಳ ಹಿಂಡಿ ಅಂಗಡಿ ಮುಂದೆ ಆಂಬುಲೆನ್ಸ್ ನಿಲ್ಲಿಸಿದೆವು. ಅಲ್ಲಿಂದ ಮನೆಯ ಅಂಗಳ ಕಾಣುತ್ತದೆ. ಹಿಂಡಿ ಅಂಗಡಿ ಮುಂದೆ ಕಾಯುತ್ತಿದ್ದೇವೆ ಎಂದು ರೇಡಿಯೋದಲ್ಲಿ ತಿಳಿಸಿದೆ. 4.22ಕ್ಕೇ ಅಳಿಯನ ಕೈಗೆ ಕೋಳ ಬಿದ್ದಿತ್ತೆಂದೂ, ಆಂಬುಲೆನ್ಸ್ ಬರಲಿ ಎಂದು ಪ್ರೆಂಟಿಸ್ ತಮ್ಮ ರೇಡಿಯೋದಲ್ಲಿ ಹೇಳಿದ್ದರೆಂದೂ ಆಮೇಲೆ ತಿಳಿಯಿತು. ನಮ್ಮ ರೇಡಿಯೋದಲ್ಲಿ ಏನೂ ಬರಲಿಲ್ಲ. ನಿಯಂತ್ರಣ ಕೊಠಡಿಯನ್ನು ಎರಡು ಸಲ ಕೇಳಿದೆ. ಅಲ್ಲಿ ನಮ್ಮ ಮೇಜು ಒಂದು ಕೋಣೆಯಲ್ಲಿ, ಪೊಲೀಸರ ಮೇಜು ಪಕ್ಕದ ಕೋಣೆಯಲ್ಲಿ, ನಡುವೆ ಗಾಜಿನ ಗೋಡೆ. ವಿಚಾರಿಸಿ ಹೇಳುತ್ತೇವೆ, ಕಾಯಿರಿ ಎಂದರು. ಎದ್ದು ಹೋಗಿ ಆ ಗಾಜು ತಟ್ಟಿದ್ದರೂ ಸಾಕಿತ್ತು. ಕಾಯುತ್ತಿದ್ದೇವೆ ಎಂದು ಮತ್ತೆ ಹೇಳಿದೆ.

4.31ಕ್ಕೆ ಪ್ರೆಂಟಿಸ್ ಅಂಗಳಕ್ಕೆ ಬಂದು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಕತ್ತರಿಯ ಹಾಗೆ ಆಡಿಸಿದರು. ಬೇಗ ಬನ್ನಿ ಎಂಬುದು ಅವರ ಅರ್ಥ. ನಮ್ಮ ದಳದಲ್ಲಿ ಆ ಸನ್ನೆಗೆ ನಿಲ್ಲು ಎಂದರ್ಥ. ಬಂಡಿ ಹಿಂದಕ್ಕೆ ತೆಗೆಯುವಾಗ ಬೇಕಾಗುತ್ತದೆಂದು ಹೊಸಬರಿಗೆ ಮೊದಲ ದಿನವೇ ಅದನ್ನು ಕಲಿಸುತ್ತೇವೆ. ಊರಿನ ಅರ್ಧದಷ್ಟು ಗಂಡಸರಿಗೆ ಕಲಿಸಿದವನು ನಾನು. ಇನ್ನೊಂದು ಬಂದೂಕು ಇರಬೇಕು, ತಡೆಯುತ್ತಿದ್ದಾನೆ ಎಂದು ಗ್ಲೆನ್ ಹೇಳಿದ. ನನಗೂ ಹಾಗೇ ಕಂಡಿತು. ನಾವು ಕದಲದಿದ್ದುದನ್ನು ಕಂಡು ಪ್ರೆಂಟಿಸ್ ಇನ್ನೂ ಜೋರಾಗಿ ಕೈ ಆಡಿಸಿದರು. ಆಗ ನಾನು ಆಂಬುಲೆನ್ಸನ್ನು ಅಂಗಡಿಯ ಹಿಂಭಾಗಕ್ಕೆ ತೆಗೆದೆ. ನಮ್ಮನ್ನು ತಡೆದಿದ್ದಾರೆ, ಹಿಂದೆ ಸರಿದಿದ್ದೇವೆ ಎಂದು ರೇಡಿಯೋದಲ್ಲಿ ಹೇಳಿದೆ.

ನೋರೀನ್ ಅವರ ಗಂಡ ಎಲ್‌ವುಡ್ ಆಮೇಲೆ ತಿಳಿಸಿದ್ದು: ನೋರೀನ್ ಅಡುಗೆಮನೆಯ ನೆಲದ ಮೇಲೆ ಮಲಗಿ ನನ್ನ ಮಾತನ್ನೆಲ್ಲ ಕೇಳುತ್ತಿದ್ದರು. ಆಂಬುಲೆನ್ಸಿನವರಿಗೆ ಸುದ್ದಿ ಮುಟ್ಟಿಲ್ಲ ಎಂದು ಪ್ರೆಂಟಿಸ್‌ಗೆ ಎರಡು ಸಲ ಹೇಳಿದರು. ಹೇಳಿಯಾಗಿದೆ, ಬರುತ್ತಿದ್ದಾರೆ ಎಂದು ಪ್ರೆಂಟಿಸ್ ಸಮಾಧಾನ ಮಾಡಿದರು. ಹಿಂದೆ ಸರಿದಿದ್ದೇವೆ ಎಂದು ಪೆಟ್ಟಿಗೆಯಲ್ಲಿ ಕೇಳಿದ ಮೇಲೆ ನೋರೀನ್ ಮನೆಯ ಫೋನನ್ನು ಕೈಗೆ ಕೊಡಲು ಕೇಳಿದರು. ಆ ಕಣಿವೆಯಲ್ಲಿ ಮೊಬೈಲ್ ಹಿಡಿಯುವುದಿಲ್ಲ. ಅಂಗಡಿಯ ಫೋನು 4.36ಕ್ಕೆ ರಿಂಗಾಯಿತು. ಅಂಗಡಿಯವನು ನನ್ನನ್ನು ಕೂಗಿ ಕರೆದ.

"ಮರ್ಲ್, ಯಾರಿಗೋಸ್ಕರ ಕಾಯ್ತಿದೀಯೋ? ಅವನನ್ನ ಆಗ್ಲೇ ಹಿಡಿದಾಯ್ತು. ಬಾರೋ ಮಾರಾಯ" ಎಂದರು ನೋರೀನ್. ಶಾಲೆಯ ಊಟದ ಕೋಣೆಯಲ್ಲಿ ಮುನ್ನೂರು ಮಕ್ಕಳನ್ನು ಒಂದೇ ಕೂಗಿಗೆ ಸುಮ್ಮನಾಗಿಸುತ್ತಿದ್ದ ದನಿ ಅದು. ಅಂದು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಬೇಕಾಯಿತು.

4.38ಕ್ಕೆ ಮನೆ ಮುಟ್ಟಿದೆವು. ತೋಳಿಗೆ ಪಟ್ಟಿ ಬಿಗಿದು ಹೊರಟೆವು. ಗ್ಲೆನ್ ಬಂಡಿ ಓಡಿಸಿದ, ನಾನು ಅವರ ಪಕ್ಕದಲ್ಲಿದ್ದೆ. ಆಸ್ಪತ್ರೆಗೆ ಒಯ್ಯಲು ಕರೆಸಿದ್ದ ಹೆಲಿಕಾಪ್ಟರ್ ಇಳಿಯಬೇಕಿದ್ದ ಹೊಲ ಹಳ್ಳದ ಸೇತುವೆಯ ಪಕ್ಕದಲ್ಲಿದೆ. ಅಲ್ಲಿಗೆ ತಲುಪುವ ಮೊದಲೇ ಅವರ ನಾಡಿ ನಿಂತಿತು. ಹೆಲಿಕಾಪ್ಟರಿನಲ್ಲಿ ಬಂದ ವೈದ್ಯರು ನೋಡಿ, ಇನ್ನು ಸಾಕು, ಎದೆ ಒತ್ತುವುದನ್ನು ನಿಲ್ಲಿಸಿ ಎಂದು ನನಗೆ ಹೇಳಬೇಕಾಯಿತು.

ಹಿಂದೆಯೇ ಬಂದಿದ್ದ ಪ್ರೆಂಟಿಸ್ ಸೇತುವೆಯ ಮೇಲೆ ನನ್ನ ಹತ್ತಿರ ಬಂದರು. ನನ್ನ ಬಸ್ಸಿನಲ್ಲೇ ಶಾಲೆಗೆ ಹೋಗಿ ಬಂದು ದೊಡ್ಡವನಾದ ಹುಡುಗ. ಅಳುತ್ತಿದ್ದ. "ನಾನು ಮೂರು ಸಲ ಹೇಳ್ದೆ ಮರ್ಲ್. ನೀವ್ಯಾಕೆ ಬರ್ಲಿಲ್ಲ?" ಎಂದು ರೇಡಿಯೋವನ್ನು ಸಾಕ್ಷಿಗೆಂಬಂತೆ ನನ್ನ ಮುಂದೆ ಹಿಡಿದ. ನಾನು ಅದನ್ನು ಕಿತ್ತುಕೊಂಡು ಹಳ್ಳಕ್ಕೆ ಎಸೆದೆ. ನನ್ನ ಸಿಟ್ಟು ಅವನ ಮೇಲಲ್ಲ. ಯಾರ ಮೇಲಿತ್ತೋ ಅವರು ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ವಿಷಯ. ಎಲ್‌ವುಡ್ ಅಡುಗೆಮನೆಯ ಪೆಟ್ಟಿಗೆಯನ್ನು ಆರಿಸಿಲ್ಲ. ಅವಳು ಹಾಕಿಟ್ಟದ್ದು, ಇರಲಿ ಎನ್ನುತ್ತಾನೆ. ಆದ್ದರಿಂದ ಈಗ ನಾನು ಎಲ್ಲಿ ಕಾಯಬೇಕಾಗಿ ಬಂದರೂ ಕಾಯುತ್ತಿದ್ದೇವೆ ಎಂಬ ಮಾತನ್ನು ರೇಡಿಯೋದಲ್ಲಿ ಹೇಳುವುದಿಲ್ಲ. ಬರುತ್ತಿದ್ದೇವೆ ಎನ್ನುತ್ತೇನೆ. ಇದು ನಿಯಮಕ್ಕೆ ವಿರುದ್ಧವೆಂದು ಗೊತ್ತಿದೆ, ಅದನ್ನೂ ಬರೆದುಕೊಳ್ಳಿ.

ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ಮಾಡಿದ್ದು ಮತ್ತು ಎಲ್‌ವುಡ್ ಬಾಯಿಂದ ಕೇಳಿದ್ದು, ಸುಳ್ಳು ಸೇರಿಸಿಲ್ಲ. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಈ ಸಲ ಪೊಲೀಸರು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು.

ಸ್ಥಳ: ಪೈನ್ ಹಾಲೋ
ದಿನಾಂಕ: ಅಕ್ಟೋಬರ್ 14
ಸಹಿ: ಮರ್ಲ್ ಟುಟಲ್