ಜ್ಯೇಷ್ಠದಲ್ಲೇ ನಿಂತ ಕಂಪ್ಯೂಟರ್

ಅಲ್ಲಾಳಸಂದ್ರದ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಪ್ರಿಯಂವದಾ, ಪಕ್ಕದವರ ಮಾತು ಕಿವಿಗೆ ಬಿದ್ದದ್ದೇ ಫೋನನ್ನು ಬ್ಯಾಗಿಗೆ ಹಾಕಿದಳು. ಬಿಳಿ ಪಂಚೆಯ ಯಜಮಾನರೊಬ್ಬರು ಕಂಪ್ಯೂಟರ್ ರಿಪೇರಿಯವನನ್ನು ತರಾಟೆಗೆ ತೆಗೆದುಕೊಂಡಿದ್ದರು.

“ನೀನ್ ಆಕ್ಕೊಟ್ಟ ಲಿನಕ್ಸು ಸರಿಯಿಲ್ಲ ಕಣಪ್ಪ ನಿರಂಜನ. ಬ್ರೌಸರ್‌ನಾಗೆ ಒಂದ್ ಸೈಟೂ ತೆಗೀತಿಲ್ಲ.”

“ಏನಂತ ಬರುತ್ತೆ ಚಿಕ್ಕಹನುಮಯ್ಯನೋರೆ?”

“ನಿಮ್ಮ ಗಡಿಯಾರ ಹಿಂದಿದೆ ಅಂತದೆ. ಆನ್ ಮಾಡಿದ್ರೂ ಇಂಗೇಯ. ಈ ಡಿಸ್ಕನ್ನ ಕೊನೇ ಸಲ ಬಳಸಿದ್ದು ಮುಂದಿನ ತಿಂಗಳು ಅಂತದೆ!”

“ತಾರೀಖು ಏನಾದ್ರೂ ಬದಲಾಯಿಸಿದ್ರಾ?”

“ಇನ್ನೇನ್ ಮಾಡ್ಲಿ? ನೀನ್ ತಂದ್ಕೊಟ್ಟಿದ್ದು ಆಷಾಢದಾಗೆ. ಒಸ ಮಿಷನ್ನ ಆಷಾಢದಾಗೆ ಶುರು ಮಾಡಕ್ಕಾಯ್ತದಾ? ಇಪ್ಪತ್ತು ದಿನ ಇಂದಕ್ಕೆ ತಳ್ಳಿ, ಜ್ಯೇಷ್ಠದಾಗೆ ಪೂಜೆ ಮಾಡ್ದೆ.”

“ಅಯ್ಯೋ, ಅದಕ್ಕೇ ಕಣ್ರೀ! ತಾರೀಖು ತಪ್ಪಿದ್ರೆ ಬ್ರೌಸರ್ ಸೈಟ್‌ಗಳನ್ನ ನಂಬಲ್ಲ. ಇವತ್ತಿನದು ಹಾಕಿ, ಎಲ್ಲಾ ಸರಿಹೋಗುತ್ತೆ.”

“ಆಷಾಢ ಕಳೀಲಿ, ನೋಡವ.”

“ಮಗಳ ಕಾಲೇಜ್ ಅರ್ಜಿಗೆ ನಾಳೆನೇ ಕೊನೇ ದಿನ ಅಂದ್ರಲ್ಲ!”

ಚಿಕ್ಕಜಾಲದ ಬಸ್ಸು ಬಂತು. ಯಜಮಾನರು ಪಂಚೆ ಎತ್ತಿ ಕಟ್ಟಿ ಹತ್ತಿದರು. ಫುಟ್‌ಬೋರ್ಡಿನ ಮೇಲಿಂದ, ಪಾಪ ಎನ್ನುವಂತೆ ನಿರಂಜನನತ್ತ ತಿರುಗಿದರು.

“ನಾಳೆ ಅನ್ನೋದು ನಿಮ್ಗೆ ಕಣಪ್ಪ. ನಮ್ಮ ಕಂಪ್ಯೂಟರ್‌ನಾಗೆ ಇನ್ನೂ ಇಪ್ಪತ್ತು ದಿನ ಐತೆ.”