ಒಂದು ಅಂಕಿ ತಪ್ಪಿದ ಸಹಾಯವಾಣಿ

ಆರೋಗ್ಯ ಇಲಾಖೆಯ ಸಭಾಂಗಣದ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ‘ಸಾಂಕ್ರಾಮಿಕ ಕಲಿಸಿದ ಪಾಠಗಳು’ ಎಂಬ ರಾಷ್ಟ್ರೀಯ ಸಭೆ ನಡೆಯುತ್ತಿತ್ತು. ಪಕ್ಕದಲ್ಲಿ ನಿವೃತ್ತ ಆರೋಗ್ಯಾಧಿಕಾರಿಯೊಬ್ಬರೂ ಅವರ ಜೊತೆ ಕೆಲಸ ಮಾಡಿದ್ದ ನರ್ಸ್ ಒಬ್ಬರೂ ಮಾತಾಡುವ ಸರದಿಗಾಗಿ ಕಾಯುತ್ತಿದ್ದರು.

“ಏನು ಪಾಠ ಹೇಳ್ತೀರಿ ಸಾರ್?”

“ನನ್ನ ಪೆದ್ದುತನಾನೇ ಸಿಸ್ಟರ್. ಊರಿಗೆಲ್ಲ ಹಂಚಿದ ಸಹಾಯವಾಣಿ ಚೀಟೀಲಿ ಒಂದು ಅಂಕಿ ತಪ್ಪಿತ್ತು. ಕೆಳಗೆ ಸಹಿ ನಂದೇ.”

“ಅಯ್ಯೋ! ಕಾಲ್ ಎಲ್ಲ ಯಾರಿಗೆ ಹೋಯ್ತು?”

“ಬಟ್ಟೆ ಹೊಲಿಯೋ ಒಬ್ಬ ಅಮ್ಮನಿಗೆ.”

“ಬೈದು ಫೋನ್ ಇಟ್ಟಿರ್ಬೇಕು.”

“ಇಲ್ಲ. ದಿನಾ ಬೆಳಗ್ಗೆ ತಾವೇ ಆಸ್ಪತ್ರೆಗಳಿಗೆ ಫೋನ್ ಮಾಡಿ, ಎಲ್ಲಿ ಬೆಡ್ ಖಾಲಿ ಇದೆ ಅಂತ ಬರ್ಕೊಂಡು, ಕೇಳಿದೋರಿಗೆ ಹೇಳ್ತಿದ್ರು. ಎಷ್ಟೋ ಜನ ಬದುಕ್ಕೊಂಡ್ರು.”

“ಸರಿಯಾದ ನಂಬರ್ ಹತ್ರ ಯಾರಿದ್ರು?”

“ನಾನೇ! ಹೊಸ ಕುರ್ಚಿ, ಹೊಸ ಫೋನು. ತಿಂಗಳಲ್ಲಿ ಎರಡೇ ಕಾಲ್. ಎರಡೂ ಆ ಅಮ್ಮಂದೇ, ಹೇಗೋ ಸರಿ ನಂಬರ್ ಹುಡುಕ್ಕೊಂಡು, ಆಕ್ಸಿಜನ್ ಎಲ್ಲಿ ಸಿಗುತ್ತೆ ಅಂತ.”

“ನೀವೇನಂದ್ರಿ?”

“ಮೇಲಿನೋರನ್ನ ಕೇಳಿ ಹೇಳ್ತೀನಿ ಅಂದೆ. ಇನ್ನೂ ಹೇಳಿಲ್ಲ.”

ನರ್ಸ್ ಸಭಾಂಗಣದ ಬಾಗಿಲ ಕಡೆ ನೋಡಿದರು.

“ಮತ್ತೆ ಒಳಗೆ ಏನ್ ಮಾತಾಡ್ತೀರಿ?”

“ನನ್ನ ಹತ್ತು ನಿಮಿಷಾನೂ ಆ ಅಮ್ಮನಿಗೇ ಬಿಟ್ಟಿದೀನಿ. ಪಾಸ್ ಇಲ್ಲ ಅಂತ ಗೇಟಲ್ಲಿ ನಿಲ್ಸಿದಾರಂತೆ. ಪಾಸ್ ಕೊಡಿಸೋದು ನಾನೇ ಮರ್ತಿದೀನಿ. ಬನ್ನಿ, ಕರ್ಕೊಂಡ್ ಬರೋಣ.”

ಇಬ್ಬರೂ ದಡದಡನೆ ಮೆಟ್ಟಿಲಿಳಿದು ಹೋದರು.