ಹಾಡುವ ಬಸ್ಸು

ದೇವದುರ್ಗದ ಬಸ್ ನಿಲ್ದಾಣದಲ್ಲಿ ಕೂತಿದ್ದ ಶೇಖಮ್ಮನ ಗಮನ ಪಕ್ಕದ ಮಾತಿನ ಮೇಲೆ ಬಿತ್ತು. ಕಿವಿ ಕೇಳಿಸದ ಮಗಳ ಜೊತೆ ಬಂದ ತಾಯಿಯೊಬ್ಬಳು ಕಂಡಕ್ಟರನನ್ನು ತಡೆದಿದ್ದಳು.

“ಯಣ್ಣಾ, ಗಡಗಡ ಅನ್ನೋ ಹಳೇ ಬಸ್ ಎಲ್ಲದರೀ?”

“ಹೊಸಾದು ನಿಂತದಲ್ಲವ್ವಾ, ಒಂಚೂರೂ ಅಲುಗಾಡಂಗಿಲ್ಲ.”

“ಅದು ಬ್ಯಾಡ್ರಿ. ಇಕಿ ಕಂಬಿ ಹಿಡ್ಕೊಂಡು ಕೈಯಾಗ ಹಾಡು ಕೇಳ್ತಾಳ. ಹಾಡದ ಬಸ್ ಹತ್ತಂಗಿಲ್ಲ.”

ಹುಡುಗಿ ಹೊಸ ಬಸ್ಸಿಗೆ ಅಂಗೈ ಒತ್ತಿ, ಬೇಡವೆಂದು ತಲೆಯಾಡಿಸಿದಳು.

“ಹಳೇದು ಅತ್ಲಾಗ ನಿಂತದ, ಅದೂ ನಿನ್ನೆ ರಿಪೇರಿ ಆತು.”

“ಅಯ್ಯ ಶಿವನೇ! ಛಲೋ ಇದ್ದದ್ದನ್ನ ಯಾರು ಕೆಡಿಸಿದ್ರು?”

ತಾಯಿ ಕೈಸನ್ನೆಯಲ್ಲಿ ತಿಳಿಸಿದಾಗ ಹುಡುಗಿಯ ಕಣ್ಣು ತುಂಬಿ ಬಂತು. ಕಂಡಕ್ಟರ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಚಿಂತಿ ಮಾಡಬ್ಯಾಡವ್ವಾ. ಬಸ್ ರಿಪೇರಿ ಆಗ್ಯಾದ, ನಿಮ್ಮೂರ ರಸ್ತಾ ಆಗಿಲ್ಲ. ಹಿಂದಿನ ಸೀಟಿಗೆ ಕೂಡ್ರಿ, ಊರು ಮುಟ್ಟೋತನಕ ಹಾಡ್ತದ.”

ತಾಯಿ, ಮಗಳು ಹಳೇ ಬಸ್ಸಿನ ಹಿಂಬಾಗಿಲಿಗೆ ಓಡಿದರು.